ಬಸವಂತನ ಸಿಳ್ಳೆ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅಲಖನೂರಿನ ಕೆಂಪವ್ವನಿಗೆ ಮಾತ್ರ ಮಗ ಬಸವಂತನ ಮುಂಚಾಚಿದ ಗದ್ದ ಕಂಡಾಗಲೆಲ್ಲ ಅವನ ಮದುವೆಯದೇ ಚಿಂತೆ. ಕೆಳದವಡೆ ಮುಂದೆ ಬಂದು ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ. ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಕಚ್ಚಲಾಗದ ಅವನಿಗೆ ಆಕೆ ಹಾಲಿನಲ್ಲಿ ಮುರಿದು ನೆನೆಸಿ ಕೊಡುತ್ತಿದ್ದಳು. ಹೆಣ್ಣು ನೋಡಲು ಹೋದಲ್ಲಿ ಚಹಾ ಕೊಡುತ್ತಿದ್ದರು, ಹೆಣ್ಣು ಕೊಡುತ್ತಿರಲಿಲ್ಲ.

ಬಸವಂತನಿಗೆ ಅದರ ಗೊಡವೆ ಇರಲಿಲ್ಲ. ಅವನ ಲೋಕವೆಂದರೆ ಕುರಿ. ಆ ಸೊಟ್ಟ ದವಡೆಯಲ್ಲೇ ಕೆಳತುಟಿ ಮಡಚಿ ಅವನು ಹಾಕುವ ಸಿಳ್ಳೆ ಮತ್ಯಾರಿಗೂ ಬರುತ್ತಿರಲಿಲ್ಲ. ಕಬ್ಬು ಕಡಿದ ಹೊಲದಲ್ಲಿ ಎರಡು ಹಿಂಡು ಬೆರೆತಾಗ ಬಡಿಗೆ ಹಿಡಿದು ಬೇರ್ಪಡಿಸುವವನನ್ನು ಯಾರೂ ಕುರಿಗಾರ ಅನ್ನುವುದಿಲ್ಲ. ಒಂದು ಸಿಳ್ಳೆ ಹಾಕಬೇಕು, ತನ್ನ ಕುರಿ ತನ್ನ ಹಿಂದೆ ಬರಬೇಕು.

"ಆಪರೇಷನ್ ಮಾಡಿಸ್ಕೋ ಯಪ್ಪಾ, ನಾ ಕಣ್ಣ ಮುಚ್ಚೂದರಾಗ ಮನಿಗೆ ಸೊಸಿ ಬರ್ಲಿ" ಎಂದು ಕೆಂಪವ್ವ ಬೆನ್ನು ಹತ್ತಿದಳು. ಅವ್ವನ ಕಣ್ಣೀರಿಗೆ ಅವನು ಸೋತ. ಬಹಳ ಕಾಲ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಬೆಳಗಾವಿಗೆ ಅಲೆದ. ದವಡೆಯ ಎಲುಬು ಕತ್ತರಿಸಿ ಹಿಂದೆ ಸರಿಸುವ ಮುನ್ನ ಡಾಕ್ಟರರು ಇಬ್ಬರನ್ನೂ ಕೂರಿಸಿಕೊಂಡರು.

"ಕೆಳಗಿನ ತುಟಿ ಜೋಮು ಹಿಡೀಬಹುದು. ಕೆಲವರಿಗೆ ಹಂಗ ಉಳೀತೈತಿ. ಸನಾದಿ-ಗಿನಾದಿ ಊದೂ ಕಸಬೇನರ ಐತೇನು?"

"ಇಲ್ರಿ ಸಾಹೇಬ್ರ, ಕುರಿ ಕಾಯ್ತಾನ" ಎಂದು ಕೆಂಪವ್ವ ನಕ್ಕಳು. ಬಸವಂತನೂ ನಕ್ಕ. ಸಿಳ್ಳೆ ಇಬ್ಬರ ನೆನಪಿಗೂ ಬರಲಿಲ್ಲ. ಉಸಿರಾಡುವುದನ್ನು ಯಾರಾದರೂ ಕಸುಬು ಅನ್ನುತ್ತಾರೆಯೇ?

ಆಪರೇಷನ್ ಆಗಿ ಬಾವು ಇಳಿದ ಮೇಲೆ ಊರೇ ಬಂದು ನೋಡಿತು. ಗದ್ದ ಒಳಗೆ ಹೋಗಿತ್ತು, ಹಲ್ಲು ಕೂಡಿದ್ದವು. ಹಾರೂಗೇರಿಯ ಕಡೆಯವರು ಹೆಣ್ಣು ಕೊಡಲು ಒಪ್ಪಿದರು. ಆದರೆ ವರ್ಷ ಉರುಳಿದರೂ ಕೆಳತುಟಿಗೆ ಚಹಾದ ಬಿಸಿ ಕೂಡ ತಿಳಿಯಲಿಲ್ಲ.

ಬೆಳಗಾವಿಯ ಅಲೆದಾಟ ಶುರುವಾದಾಗಿನಿಂದ ಅವನ ಹಿಂಡನ್ನೂ ತನ್ನದರ ಜೊತೆ ಕಾದವನು ನೆರೆಮನೆಯ ನಾಮದೇವ. ಬಸವಂತ ಮತ್ತೆ ತನ್ನ ಕುರಿ ಹೊಡೆದುಕೊಂಡು ಹೋದ ಹೊಸದರಲ್ಲೇ ಕಾಲುವೆಯ ದಂಡೆಯಲ್ಲಿ ಇಬ್ಬರ ಹಿಂಡೂ ಬೆರೆತವು. ಬಸವಂತ ತುಟಿ ಮಡಚಿ ಊದಿದ. ಗಾಳಿ ಬಂತು, ಜೊಲ್ಲು ಬಂತು, ಸಿಳ್ಳೆ ಬರಲಿಲ್ಲ. ಮತ್ತೆ ಮತ್ತೆ ಊದಿದ. ಅವನ ಪಾಡು ನೋಡಲಾರದೆ ನಾಮದೇವ ಒಂದು ಸಿಳ್ಳೆ ಹಾಕಿದ. ಎರಡೂ ಹಿಂಡು ಅವನ ಹಿಂದೆ ನಡೆದವು.

ಬಸವಂತ ಬರಿಗೈಯಲ್ಲಿ ಮನೆಗೆ ಬಂದ.

"ಯವ್ವಾ, ಕುರಿ ನಾಮದೇವನ ಹಿಂದ ಹ್ವಾದ್ವು. ಒಂದರ ತಿರುಗಿ ನೋಡ್ಲಿಲ್ಲ. ಇನ್ನ ಕುರಿ ಅವ್ನೇ ಇಟ್ಕೊಳ್ಳಿ."

ಕೆಂಪವ್ವ ಕಟಕ ರೊಟ್ಟಿ ತಂದು ಕೊಟ್ಟಳು. ಈಗ ಅದನ್ನು ಕಚ್ಚಬಲ್ಲ ಮಗ ಕೈಯಲ್ಲಿ ಹಿಡಿದು ಕೂತೇ ಇದ್ದ. ತಾನೇ ಹಟ ಹಿಡಿದು ಮಾಡಿಸಿದ ಆ ನೆಟ್ಟಗಿನ ಮುಖ ನೋಡಿ ಅವಳಿಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಅವನ ಕೈಯಿಂದ ರೊಟ್ಟಿ ತೆಗೆದುಕೊಂಡು, ಮೊದಲಿನಂತೆ ಹಾಲಿನಲ್ಲಿ ಮುರಿದು ಹಾಕಿದಳು.