ಕೊಪ್ಪರಿಗೆ ಸಾಲಿನ ಫೋಟೋ

ಮಾರುಕಟ್ಟೆ ಬೀದಿಯಲ್ಲಿ, ಹೊಲಿಗೆ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಕೂತ ಒಂದು ಸ್ಟುಡಿಯೋ ಇದೆ. ಅದರ ಒಡತಿಯನ್ನು ಬೀದಿಯವರೆಲ್ಲ ಮಿಂಚಕ್ಕ ಎಂದೇ ಕರೆಯುವುದು. ಪಾಸ್‌ಪೋರ್ಟ್ ಫೋಟೋಗೆ ಹೋದವರನ್ನೂ ಆಕೆ ಎರಡು ಮೂರು ದೀಪದ ನಡುವೆ ಕೂರಿಸದೆ ಬಿಡುವವಳಲ್ಲ. "ಕಿವಿ ಕಾಣ್ಬೇಕು, ಕಿವಿ ಹಿಂದಿನ ಗೋಡೆನೂ ಕಾಣ್ಬೇಕು" ಎನ್ನುತ್ತಾಳೆ. ಬೆಳಕಿನ ವಿಷಯದಲ್ಲಿ ಮಹಾ ಹಟಮಾರಿ. ಆ ಹಟ ಎಲ್ಲಿಂದ ಬಂತು ಎಂದು ಕೇಳಿದರೆ ನಕ್ಕು ಮಾತು ಮರೆಸುತ್ತಾಳೆ.

ಬಂದದ್ದು ಸೋಪಿನ ಕಾರ್ಖಾನೆಯಿಂದ. ಆಕೆಯ ಅಪ್ಪ ಅಲ್ಲಿ ಕೊಪ್ಪರಿಗೆ ಕಾಯುವ ಕೆಲಸದವನು. ಸಂಜೆ ಅವನು ಬೀದಿಯ ತಿರುವಿನಲ್ಲಿರುವಾಗಲೇ ಸೋಪಿನ ವಾಸನೆ ಮುಂದಾಗಿ ಬಂದು ಮನೆಯವರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಎಣ್ಣೆ, ಕಾಸ್ಟಿಕ್ ಸೋಡಾ ಕೊತಕೊತ ಕುದಿಯುವ ಆಳೆತ್ತರದ ಕೊಪ್ಪರಿಗೆ ಅದು. ಉರಿ ಹೆಚ್ಚಾದರೆ ಉಕ್ಕುತ್ತದೆ, ಕಡಿಮೆಯಾದರೆ ಕೆಡುತ್ತದೆ, ಬಿಟ್ಟು ಅಲ್ಲಾಡುವಂತಿಲ್ಲ. ಹಾಗಾಗಿ ಕಾರ್ಖಾನೆಯ ವಾರ್ಷಿಕ ಫೋಟೋ ತೆಗೆಯುತ್ತಿದ್ದುದು ಆ ಉದ್ದನೆಯ ಕತ್ತಲು ಶೆಡ್ಡಿನೊಳಗೇ. ಮುಂದೆ ಕುರ್ಚಿಗಳಲ್ಲಿ ಮ್ಯಾನೇಜರು ಮತ್ತು ಆಫೀಸಿನವರು, ಅವರ ಹಿಂದೆ ಅಚ್ಚು ಹಾಕುವವರು, ಕಾಗದ ಸುತ್ತುವವರು. ಎಲ್ಲರಿಗಿಂತ ಹಿಂದೆ, ಕಂಬಗಳ ಹತ್ತಿರ, ತಂತಮ್ಮ ಕೊಪ್ಪರಿಗೆಯ ಪಕ್ಕ ಈ ಜನ. ಫೋಟೋಗ್ರಾಫರನ ಒಂದೇ ಒಂದು ಫ್ಲಾಶ್ ಮ್ಯಾನೇಜರರ ಹಣೆಯ ಮೇಲೆ ಫಳಾರನೆ ಹೊಳೆದು ಅಲ್ಲಿಗೇ ಸುಸ್ತಾಗುತ್ತಿತ್ತು.

ವರ್ಷ ವರ್ಷವೂ ಆ ಫೋಟೋದ ಒಂದು ಪ್ರತಿ ಆಫೀಸಿನ ಗೋಡೆಗೆ ಏರುತ್ತಿತ್ತು, ಒಂದೊಂದು ಕೆಲಸಗಾರರ ಮನೆಗೆ ಬರುತ್ತಿತ್ತು. ಚಿಕ್ಕವಳಿದ್ದಾಗ ಮಿಂಚಕ್ಕ ಬಂದವರಿಗೆಲ್ಲ ಅದರ ಮೂಲೆಯ ಕಪ್ಪನ್ನು ತೋರಿಸಿ "ಇದು ನಮ್ಮಪ್ಪ" ಎಂದು ಬೀಗುತ್ತಿದ್ದಳು. ಒಂದು ದಿನ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದಿ, ಅದು ಕಂಬ ಕಣೇ! ನಿಮ್ಮಪ್ಪ ಅಲ್ಲೇ ಎಲ್ಲೋ ಕತ್ತಲಲ್ಲಿರ್ಬೇಕು." ಅಪ್ಪನೂ ನಕ್ಕ. ಹುಡುಗಿಗೆ ಮಾತ್ರ ಅಳು ಒತ್ತರಿಸಿ ಬಂತು. ಇಷ್ಟು ದಿನ ಕಂಬಕ್ಕೆ ಅಪ್ಪ ಅಂದೆನಲ್ಲ ಎಂಬ ಅವಮಾನ ಒಂದು ಕಡೆ. ಹಾಗಾದರೆ ಅಪ್ಪ ಎಲ್ಲೂ ಇಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಮುಂದೆ ಆಕೆ ಫೋಟೋ ಕೆಲಸ ಕಲಿತು ಸ್ವಂತ ಅಂಗಡಿ ಹಾಕಿದಳು. ಮುಚ್ಚಿಹೋಗುತ್ತಿದ್ದ ಸ್ಟುಡಿಯೋಗಳಿಂದ ಹಳೆಯ ಫ್ಲಾಶುಗಳನ್ನು ಒಂದೊಂದಾಗಿ ಕೂಡಿಸಿ, ಪ್ರತಿಯೊಂದರ ಬುಡಕ್ಕೂ ಹೆಬ್ಬೆರಳಿನಷ್ಟು ಗಾತ್ರದ ಸ್ಲೇವ್ ಸಿಕ್ಕಿಸಿದಳು. ಸ್ಲೇವ್ ಅಂದರೆ ಒಂದು ಕಣ್ಣು, ಅಷ್ಟೆ. ಕ್ಯಾಮೆರಾದ ಮೇಲಿನ ಫ್ಲಾಶ್ ಮಿಂಚಿದ್ದು ಆ ಕಣ್ಣಿಗೆ ಬಿದ್ದರೆ ಸಾಕು, ಅದೇ ಕ್ಷಣ ತನ್ನ ಫ್ಲಾಶನ್ನೂ ಮಿಂಚಿಸುತ್ತದೆ. ವೈರಿಲ್ಲ, ಏನಿಲ್ಲ. ಆದರೆ ಯಜಮಾನಿ ಯಾರು ಎಂಬ ಗೊಡವೆ ಅದಕ್ಕಿಲ್ಲ. ಮೊದಮೊದಲು ಒಂದು ಮದುವೆಯಲ್ಲಿ ನೆಂಟರೊಬ್ಬರು ತಮ್ಮ ಕ್ಯಾಮೆರಾ ಒತ್ತಿದಾಗಲೆಲ್ಲ ಈಕೆಯ ದೀಪಗಳು ಅವರಿಗೇ ಸಲಾಂ ಹೊಡೆದವು. ಈಕೆ ಒತ್ತುವ ಹೊತ್ತಿಗೆ ಚಾರ್ಜಿಲ್ಲದೆ ಸುಮ್ಮನೆ ಕೂತಿದ್ದವು. ಅವತ್ತಿನಿಂದ ಎಲ್ಲಿ ಹೋದರೂ "ಬೇರೆ ಯಾರೂ ಫ್ಲಾಶ್ ಹಾಕ್ಬೇಡಿ" ಎನ್ನುವುದೇ ಆಕೆಯ ಮೊದಲ ಮಾತು.

ಅಪ್ಪ ನಿವೃತ್ತನಾಗುವ ವರ್ಷ ಆಕೆಯೇ ಕಾರ್ಖಾನೆಗೆ ಹೋಗಿ ಆ ವರ್ಷದ ಫೋಟೋ ಕೆಲಸ ಕೇಳಿ ಪಡೆದಳು. ಇದೊಂದು ತಪ್ಪಿತೆಂದರೆ ಆ ಗೋಡೆಯ ಮೇಲೆ ಅಪ್ಪನ ಮುಖ ಎಂದೆಂದಿಗೂ ಇಲ್ಲ.

ಫೋಟೋದ ದಿನ ಶೆಡ್ಡಿನೊಳಗೆ ಅಲ್ಲಲ್ಲಿ ದೀಪಗಳನ್ನಿಟ್ಟು, ಹಿಂದಿನವರೂ ಕಾಣುವ ಹಾಗೆ ಸ್ಟೂಲ್ ಹತ್ತಿ ನಿಂತು ಒತ್ತಿ ನೋಡಿದಳು. ಎಡಬಲದ ಫ್ಲಾಶುಗಳು ಸರಿಯಾಗಿ ಮಿಂಚಿದವು. ಕೊಪ್ಪರಿಗೆಗಳ ಪಕ್ಕದ್ದು ಮಾತ್ರ ಜಪ್ಪಯ್ಯ ಎಂದರೂ ಮಿಂಚಲಿಲ್ಲ. ಫೋಟೋದಲ್ಲಿ ದೀಪ ಕಾಣಬಾರದೆಂದು ಅದನ್ನು ಕಂಬದ ಮರೆಯಲ್ಲಿಟ್ಟಿದ್ದಳು, ಈಗ ಅದರ ಕಣ್ಣಿಗೇ ಕಂಬ ಅಡ್ಡ. ಅದೇ ಕಂಬ! ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು.

ಮ್ಯಾನೇಜರು ಗಡಿಯಾರ ನೋಡಿಕೊಂಡರು. "ಹಿಂದಿನೋರು ಸ್ವಲ್ಪ ಮಬ್ಬಾದ್ರೂ ನಡೆಯುತ್ತಮ್ಮ. ಯಾವಾಗ್ಲೂ ಹಾಗೇ ಅಲ್ವಾ?"

"ಈ ಸಲ ನಡೆಯಲ್ಲ ಸರ್."

ಖಾಲಿ ಕೊಪ್ಪರಿಗೆಯೊಂದರ ಸ್ಟೀಲ್ ಮುಚ್ಚಳವನ್ನು ಉರುಳಿಸಿಕೊಂಡು ಬಂದು, ಹೊಳೆಯುವ ಹಾಗೆ ಒರೆಸಿ, ಪಕ್ಕದ ಗೋಡೆಗೆ ಓರೆಯಾಗಿ ಒರಗಿಸಿದಳು. ಕ್ಯಾಮೆರಾದ ಮಿಂಚು ಮುಚ್ಚಳಕ್ಕೆ ಬಡಿದು ತಿರುಗಿ ಕಂಬದ ಹಿಂದಿನ ಕಣ್ಣಿಗೆ ಹೋಗಲಿ ಎಂದು. ಮತ್ತೆ ಒತ್ತಿದಳು. ಶೆಡ್ಡು ಕೊನೆಯ ಇಟ್ಟಿಗೆಯವರೆಗೂ ಬೆಳಗಿತು.

ಆದರೆ ಕ್ಯಾಮೆರಾದಲ್ಲಿ ನೋಡುತ್ತಾಳೆ, ಹಿಂದಿನ ಸಾಲಿನಲ್ಲಿ ಒಬ್ಬ ಬಾಯಿ ತೆರೆದು ಆಕಳಿಸುತ್ತಿದ್ದಾನೆ. ಇನ್ನೊಬ್ಬನ ಬೆರಳು ಕಿವಿಯೊಳಗೆ. ಮತ್ತೊಬ್ಬ ಬೆನ್ನು ಕೆರೆದುಕೊಳ್ಳುತ್ತಿದ್ದಾನೆ. ಅಪ್ಪನಂತೂ ಕ್ಯಾಮೆರಾಗೆ ಬೆನ್ನು ಹಾಕಿ ಕೊಪ್ಪರಿಗೆಯೊಳಗೆ ಇಣುಕುತ್ತಿದ್ದಾನೆ. ತಪ್ಪು ಅವರದಲ್ಲ. ಎಂದೂ ಕಾಣದವರು ಯಾರಿಗೆಂದು ಮುಖ ಕೊಟ್ಟು ನಿಂತಾರು? ಫೋಟೋ ಎಂದರೆ ಅವರ ಪಾಲಿಗೆ ಮುಂದಿನವರು ಅಲ್ಲಾಡದೆ ಕೂರುವ ಒಂದು ಗಳಿಗೆ, ಅಷ್ಟೆ.

ಮಿಂಚಕ್ಕ ಕ್ಯಾಮೆರಾ ಕೆಳಗಿಳಿಸಿದಳು. ಸ್ಟೂಲಿನ ಮೇಲಿಂದಲೇ ಜೋರಾಗಿ ಕೂಗಿದಳು. "ಹಿಂದಿನ ಸಾಲಿನೋರೇ! ಈ ಸಲ ನೀವು ಕಾಣ್ತೀರಿ!"

ಅವರು ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಎಲ್ಲಿಂದಲೋ ಹೊರಬಂದ ಬಾಚಣಿಗೆಯೊಂದು ಕೈಯಿಂದ ಕೈಗೆ ಹೋಯಿತು. ಬೋಳು ತಲೆಯವನೂ ತನ್ನ ಸರದಿ ಬಿಡಲಿಲ್ಲ. ಅಪ್ಪ ನಿಧಾನವಾಗಿ ತಿರುಗಿದ.

"ನಾನೂನಾ?"

"ನೀನೂನೇ ಅಪ್ಪ. ಇಲ್ಲಿ ನೋಡು."

ಅವನು ಕಲಕುವ ಕೋಲನ್ನು ಬದಿಗಿಟ್ಟು, ಮುಖ ಒರೆಸಿಕೊಂಡು, ಮಗಳನ್ನೇ ನೆಟ್ಟಗೆ ನೋಡಿದ. ಅವಳನ್ನು ನೋಡನೋಡುತ್ತಲೇ ನಕ್ಕ. ಅವಳು ಒತ್ತಿದಳು, ಒಂದು ಕಣ್ಣೂ ತಪ್ಪದೆ ಎಲ್ಲ ದೀಪಗಳೂ ಮಿಂಚಿದವು.

ಫೋಟೋ ಗೋಡೆಗೇರಿದ ದಿನ ಅಮ್ಮನೂ ಮಗಳ ಜೊತೆ ನೋಡಲು ಹೋದಳು. ಅಭ್ಯಾಸಬಲದಿಂದ ಬೆರಳೆತ್ತಿದಳು, ಹುಡುಕುವ ಕೆಲಸವೇ ಇರಲಿಲ್ಲ. "ನೋಡೇ, ನಿನ್ನ ಕಂಬ ನಗ್ತಾ ಇದೆ" ಎಂದು ಕಣ್ಣೊರೆಸಿಕೊಂಡಳು.

ಅಪ್ಪ ಈಗಲೂ ಏನಾದರೊಂದು ನೆಪ ಮಾಡಿಕೊಂಡು ಆ ಆಫೀಸಿಗೆ ಹೋಗುತ್ತಾನೆ. ಹೊಸಬರು ಸಿಕ್ಕರೆ ಫೋಟೋ ಮುಂದೆ ನಿಲ್ಲಿಸಿಕೊಳ್ಳುತ್ತಾನೆ. ತನ್ನ ಮುಖ ತೋರಿಸುವುದಿಲ್ಲ. ಮ್ಯಾನೇಜರರ ಕುರ್ಚಿಗಿಂತಲೂ ಕೆಳಗೆ, ಚೌಕಟ್ಟು ಮುಗಿದಲ್ಲಿಂದಾಚೆಯ ಬರಿಗೋಡೆಯ ಮೇಲೆ ಬೆರಳಿಡುತ್ತಾನೆ.

"ಇಲ್ಲಿ, ಎಲ್ಲರಿಗಿಂತ ಮುಂದೆ, ನನ್ನ ಮಗಳು ನಿಂತಿದ್ಲು. ಫೋಟೋದಲ್ಲಿ ಅವಳು ಕಾಣಲ್ಲ. ಆದ್ರೆ ಅವಳು ನಿಂತಿದ್ದಕ್ಕೇ ನಾವೆಲ್ಲ ಕಾಣ್ತಿರೋದು."