ಏರಿದ ಬಿಳಿ ಕಣಗಳು

ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ, ಪ್ರಯೋಗಾಲಯದಲ್ಲಿ ಇಲಿಗಳಿಗೆ ಕಿಮೋ ಔಷಧಿ ಕೊಟ್ಟು ಅವುಗಳ ರಕ್ತ ಪರೀಕ್ಷಿಸುವ ಕೆಲಸದಲ್ಲಿ ನಾನು ಮೂರು ವರ್ಷ ಕಳೆದಿದ್ದೆ. ಅವಳ ಊರು ಹಿಂದೂಪುರದಲ್ಲಿ ಅವಳಿಗೆ ಶುರುಮಾಡಿದ ಔಷಧಿಗಳಲ್ಲಿ ಒಂದು, ನಾನು ಇಲಿಗಳಿಗೆ ಚುಚ್ಚುತ್ತಿದ್ದದ್ದೇ. ಡಾಕ್ಟರ ಚೀಟಿಯಲ್ಲಿ ಆ ಹೆಸರು ಕಂಡು ಅದನ್ನು ಸುಮ್ಮನೆ ಮಡಚಿ ಅವಳ ಬ್ಯಾಗಿಗೆ ಹಾಕಿದೆ.

ಔಷಧಿ ಬಿದ್ದ ಕೆಲವು ದಿನಗಳಲ್ಲಿ ಇಲಿಯ ಬಿಳಿ ರಕ್ತಕಣಗಳು ಕುಸಿಯುತ್ತವೆ, ಆಮೇಲೆ ಮತ್ತೆ ಏರುತ್ತವೆ. ಹಾಗೆ ಏರಿದವುಗಳಲ್ಲಿ ಬಹಳಷ್ಟು ಇನ್ನೂ ಬಲಿಯದ ಕಣಗಳು. ರೋಗದ ಜೊತೆ ಹೋರಾಡುವುದು ಹಾಗಿರಲಿ, ಹೋರಾಡಬೇಕಾದ ಬೇರೆ ಕಣಗಳನ್ನೇ ಅವು ಅದುಮಿಡುತ್ತವೆ. ನಾನು ದಿನವೂ ನೋಡುತ್ತಿದ್ದದ್ದು ಇದನ್ನೇ.

ಮೂರನೆಯ ಕಿಮೋ ಆಗಿತ್ತು, ನಾನು ರಜೆ ಹಾಕಿ ಅಕ್ಕನ ಮನೆಗೆ ಬಂದಿದ್ದೆ. ಕಲ್ಯಾಣದುರ್ಗದ ನಮ್ಮ ತವರಿನಲ್ಲಿ ತಮ್ಮನ ಮಗುವಿಗೆ ನಾಮಕರಣ. ಭಾವ ರಕ್ತದ ರಿಪೋರ್ಟು ಹಿಡಿದು ನಗುತ್ತಾ ಬಂದರು.

"ಬಿಳಿ ಕಣದ ಕೌಂಟು ಏರ್ಬುಟ್ಟೈತೆ ಕಣಮ್ಮ. ಇನ್ನೇನು, ಹೊರಡಾನ."

"ಬೇಡ ಅಕ್ಕಾ, ಜನ ಸೇರ್ತಾರೆ. ಹೋಗ್ಬೇಡ," ಎಂದೆ.

"ಯಾಕೆ? ಕೌಂಟು ಚೆನ್ನಾಗೈತಲ್ಲ," ಎಂದಳು ಅಕ್ಕ.

ಆಗ ಅದೇ ಔಷಧಿ, ಇಲಿಗಳಲ್ಲಿ ಕಂಡ ಬಲಿಯದ ಕಣಗಳು, ಎಲ್ಲವನ್ನೂ ಹೇಳಿದೆ. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

"ಇಲಿಗಾಗಿದ್ದು ನಂಗೂ ಆಗೈತೆ ಅಂತ ಗೊತ್ತಾ ನಿಂಗೆ?"

"ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಹೋಗ್ಬೇಡ ಅಂತ ಯಾಕಂತೀಯ? ಅಲ್ಲಿ ವಿಜ್ಞಾನಿಗಳ ಸಭೇಲಿ ನಿಂತು ಇಲಿ ವಿಷಯ ಹೇಳ್ತೀಯಂತೆ, ನನ್ನತ್ರ ಯಾಕೆ ಮುಚ್ಚಿಟ್ಟೆ?"

"ನಿಂಗೆ ಭಯ ಆಗ್ತದೆ ಅಂತ."

"ಭಯ ಆಗಿದ್ದು ನಿಂಗೆ."

ಅವಳು ತಾನೇ ಡಾಕ್ಟರಿಗೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. ನನ್ನ ಇಲಿಗಳ ವಿಷಯವನ್ನೂ ತೆಲುಗಿನಲ್ಲಿ ಅಚ್ಚುಕಟ್ಟಾಗಿ ಒಪ್ಪಿಸಿದಳು. ಇಲಿಯಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯರಿಗೆ ಹೇಳಲಾಗದು ಎಂದರು ಡಾಕ್ಟರು. "ಪರ್ವಾಲೇದು, ವೆಳ್ಳಂಡಿ," ಎಂದು ಹೋಗಲು ಒಪ್ಪಿದರು, "ಆದರೆ ಮಾಸ್ಕ್ ಇರಲಿ, ಬೇಗ ಬನ್ನಿ, ಜ್ವರ ಬಂದರೆ ನೇರ ಇಲ್ಲಿಗೆ."

ಕಾರಿನಲ್ಲಿ ಹೋದೆವು. ಅಕ್ಕ ಜನರ ನಡುವೆ ಹೋಗದೆ ಜಗಲಿಯ ತುದಿಯಲ್ಲಿ ಕುಳಿತಳು. ಅಮ್ಮ ಮಗುವನ್ನು ತಂದು ತೋರಿಸಿದಾಗ ಎತ್ತಿಕೊಳ್ಳಲಿಲ್ಲ, ಅಂಗಾಲನ್ನಷ್ಟೇ ಮುಟ್ಟಿದಳು. ಊಟವನ್ನು ಡಬ್ಬಿಗೆ ಹಾಕಿಸಿಕೊಂಡು ಮಧ್ಯಾಹ್ನಕ್ಕೇ ಹೊರಟೆವು.

ಕೆಲಸಕ್ಕೆ ಮರಳಿದ ಮೇಲೆ ದಿನವೂ ಫೋನು ಮಾಡಿದೆ. ಐದನೆಯ ದಿನ ಅವಳೇ ಮೊದಲು ಮಾತೆತ್ತಿದಳು: "ಜ್ವರ ಇಲ್ಲ ಕಣೆ. ನಿನ್ನ ಇಲಿಗಳಿಗೆ ಹೇಳ್ಬುಡು."

ಕಿಮೋ ಎಲ್ಲ ಮುಗಿದು ಈಗ ಅವಳು ಮತ್ತೆ ತನ್ನ ಬಟ್ಟೆ ಅಂಗಡಿಯಲ್ಲಿ ಕೂರುತ್ತಾಳೆ. ಆಗಾಗ ತಪಾಸಣೆಗೆ ಹೋಗುತ್ತಾಳೆ. ಅವಳ ರಕ್ತದಲ್ಲಿ ಬಲಿಯದ ಆ ಕಣಗಳು ಇದ್ದವೋ ಇಲ್ಲವೋ, ಯಾರೂ ನೋಡಲಿಲ್ಲ. ಅಲ್ಲಿ ಅಂಥ ಪರೀಕ್ಷೆಯೂ ಇರಲಿಲ್ಲ.

ಮೊನ್ನೆ ಅಂಗಡಿಯಲ್ಲಿ ಸೀರೆ ಮಡಚುತ್ತಾ ಕೇಳಿದಳು: "ಕಡೇಗೆ ಆ ಇಲಿಗಳನ್ನ ಏನ್ಮಾಡ್ತೀರಾ?"

"ಸಾಯಿಸ್ತೀವಿ ಅಕ್ಕಾ. ಒಳಗೆ ನೋಡೋಕೆ."

"ಹಿಡ್ಕೊ," ಎಂದು ಅವಳು ಸೀರೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.