ಮೆಲಾಂತ ಸುಳ್ಳು ಹೇಳಲಿಲ್ಲ

ಅಥೆನ್ಸಿನ ಪಿರೇಯಸ್ ಬಂದರಿನ ನಮ್ಮ ಬೀದಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಮೆಲಾಂತನನ್ನು ಯಾರೂ ಮಾತುಗಾರನೆಂದು ಎಣಿಸಿರಲಿಲ್ಲ. ಮಾತು ಕಲಿಸುವ ಗುರುಗಳಿಗೆ ಅಥೆನ್ಸಿನಲ್ಲಿ ಬರವಿರಲಿಲ್ಲ. ಉಳ್ಳವರ ಮಕ್ಕಳು ಅವರ ಬಳಿ ಹೋಗಿ, ಕೈ ಯಾವಾಗ ಎತ್ತಬೇಕು, ದನಿ ಎಲ್ಲಿ ಇಳಿಸಬೇಕು ಎಂದು ಕಲಿತು ಬಂದು, ಊರ ಗಂಡಸರೆಲ್ಲ ಸೇರಿ ಕೈಯೆತ್ತಿ ತೀರ್ಮಾನಿಸುವ ಸಭೆಯ ಗುಡ್ಡದ ಮೇಲೆ ನಿಂತು ನಮ್ಮನ್ನು ಕುಣಿಸುತ್ತಿದ್ದರು. ಮೆಲಾಂತ ನನ್ನ ಪಕ್ಕದಲ್ಲಿ ಕುಳಿತು ಈರುಳ್ಳಿ ಕಚ್ಚುತ್ತ, "ನೋಡ್ತಿರು, ಈಗ ಅಳ್ತಾನೆ," ಅನ್ನುತ್ತಿದ್ದ. ಮೇಲಿದ್ದವನು ಅತ್ತೇ ಬಿಡುತ್ತಿದ್ದ.

ಅವನಿಗೆ ಒಬ್ಬನೇ ಮಗ, ಡೆಕ್ಸಿಯ. ಆಲಿಸ್ಸ ದ್ವೀಪದವರು ನಮಗೆ ಕಪ್ಪ ಕೊಡುವುದನ್ನು ನಿಲ್ಲಿಸಿ ಊರಬಾಗಿಲು ಹಾಕಿಕೊಂಡಾಗ, ಮುತ್ತಿಗೆಗೆ ಹೊರಟ ಹಡಗಿನಲ್ಲಿ ಹುಟ್ಟು ಹಾಕಲು ಅವನೂ ಹೋದ. ಚಳಿಗಾಲ ಮುಗಿಯುವಷ್ಟರಲ್ಲಿ ಮಣ್ಣಿನ ಗಡಿಗೆಯಲ್ಲಿ ಅವನ ಬೂದಿ ಬಂತು. ತಂದವನು ಜೊತೆಯ ಹುಟ್ಟಾಳು ತೆಲೆಸ. ಮೆಲಾಂತನನ್ನು ಅಂಗಡಿಯ ಹಿಂದಕ್ಕೆ ಕರೆದು, "ಹೊಡೆದಾಟ ಏನೂ ಆಗ್ಲಿಲ್ಲಪ್ಪ. ಪಾಳೆಯದ ನೀರು ಕೆಟ್ಟಿತ್ತು. ಜ್ವರ ಹಿಡೀತು, ಹೋದ," ಎಂದ.

"ಅವರವ್ವಂಗೆ ಹೇಳ್ಬೇಡ," ಎಂದ ಮೆಲಾಂತ. ಮಗ ಶತ್ರುವಿನ ಕೋಟೆಗೋಡೆಯ ಮುಂದೆ ಸತ್ತನೆಂದಷ್ಟೇ ಹೆಂಡತಿ ಫಾನೋಗೆ ಹೇಳಿದ. ಜ್ವರದ ವಿಷಯ ನನಗೂ ಆಗ ತಿಳಿದಿರಲಿಲ್ಲ.

ಬೇಸಿಗೆಯ ಮೊದಲಿಗೆ ಆಲಿಸ್ಸ ಶರಣಾಯಿತು. ಅಲ್ಲಿಯ ಜನರನ್ನು ಏನು ಮಾಡುವುದೆಂದು ತೀರ್ಮಾನಿಸಲು ಸಭೆ ಸೇರಿತು. ಗಂಡಸರನ್ನೆಲ್ಲ ಕೊಲ್ಲಬೇಕೆಂದು ಒಬ್ಬ ವಾದಿಸಿದ. ಕೊಂದರೆ ಕಪ್ಪ ಕೊಡುವವರು ಯಾರು, ಬಿಟ್ಟುಬಿಡಿ ಎಂದು ಇನ್ನೊಬ್ಬ ವಾದಿಸಿದ. ಬಿಸಿಲೇರಿತ್ತು, ಜನ ಎರಡನೆಯವನ ಕಡೆಗೇ ವಾಲಿದ್ದರು. "ಇನ್ನು ಯಾರಿಗೆ ಮಾತಾಡೋದಿದೆ?" ಎಂದು ಸಾರುವವನು ಕೂಗಿದಾಗ ಮೆಲಾಂತ ಎದ್ದ.

"ಕೂತ್ಕೊಳ್ಳೋ, ಎಲ್ಲಿಗೆ?" ಎಂದೆ. ಅವನಿಗೆ ಕೇಳಿಸಲಿಲ್ಲ.

ಮಾತಾಡುವವನಿಗೆ ತೊಡಿಸುವ ಎಲೆಯ ಕಿರೀಟವನ್ನು ಅವನ ತಲೆಗಿಟ್ಟರು. ಅದು ಒಂದು ಕಿವಿಯ ಮೇಲೆ ಜಾರಿತು. ಅವನು ಸರಿಮಾಡಿಕೊಳ್ಳಲಿಲ್ಲ.

"ನಾನು ಹಗ್ಗ ಹೊಸೆಯೋನು," ಎಂದ. "ನಂಗೆ ಒಬ್ನೇ ಮಗ. ಅವರ ಗೋಡೆ ಮುಂದೆ ಸತ್ತ. ಇನ್ನೂ ಗಡ್ಡ ಸರಿಯಾಗಿ ಬಂದಿರ್ಲಿಲ್ಲ. ಆ ಊರಿನ ಅಪ್ಪಂದಿರು ಮಕ್ಕಳ ಜೊತೆ ಕೂತು ಉಣ್ತಾರೆ. ನಾನು ಅವನ ಅವ್ವನ ಎದುರಿಗೆ ಕೂತು ಉಣ್ಬೇಕು. ನೀವು ಅವರನ್ನ ಬಿಡೋದಾದ್ರೆ ಬಿಡಿ. ಮನೆಗೆ ಹೋಗಿ ಅವಳಿಗೆ ಏನು ಹೇಳ್ಲಿ, ಅದೊಂದನ್ನ ಹೇಳಿಕೊಡಿ."

ಅಷ್ಟು ಹೇಳಿ ಇಳಿದ. ಆಮೇಲೆ ಗುಡ್ಡದ ತುಂಬ ಕೈಗಳು ಎದ್ದವು. ಆಲಿಸ್ಸದ ಗಂಡಸರನ್ನೆಲ್ಲ ಕೊಂದರು. ಹೆಂಗಸರು, ಮಕ್ಕಳು ಮಾರಾಟಕ್ಕೆ ಆಳುಗಳ ಸಂತೆಗೆ ಬಂದರು.

ಕ್ಷೌರದಂಗಡಿಯಲ್ಲಿ ಅವನಿಗೆ ಎದ್ದು ಜಾಗ ಕೊಡುತ್ತಿದ್ದರು. "ಗುರುಗಳಿಗೆ ನೀನೇ ಪಾಠ ಹೇಳ್ಬೇಕು ಕಣಯ್ಯ," ಅನ್ನುತ್ತಿದ್ದರು. ಕೆಲವು ದಿನ ಅದು ಅವನಿಗೂ ಹಿಡಿಸಿತು. ಬೇಕೆಂದವರಿಗೆಲ್ಲ ಆ ಮಾತುಗಳನ್ನು ಮತ್ತೆ ಹೇಳಿ ತೋರಿಸುತ್ತಿದ್ದ.

ನಮ್ಮ ಬೀದಿಯ ಕಂಚುಗಾರ ಸಂತೆಯಿಂದ ಒಬ್ಬ ಆಳುಹೆಂಗಸನ್ನು ಕೊಂಡು ತಂದ. ಕಲ್ಲೋ ಎಂದು ಹೆಸರು. ನೀರಿನ ಕಟ್ಟೆಯಲ್ಲಿ ಅವಳ ಮಾತಿನ ಧಾಟಿ ಕೇಳಿ ಆಲಿಸ್ಸದವಳೆಂದು ಗುರುತಿಸಿದ ಫಾನೋ ಹತ್ತಿರ ಹೋದಳು.

"ಗೋಡೆ ಮುಂದೆ ನನ್ನ ಮಗನ್ನ ಕೊಂದರಲ್ಲ, ನೀನು ಕಂಡ್ಯಾ?"

"ಗೋಡೆ ಮುಂದೆ ಯಾರನ್ನೂ ಕೊಲ್ಲಲಿಲ್ಲಮ್ಮ," ಎಂದಳು ಕಲ್ಲೋ. "ನಮ್ಮ ಹತ್ರ ಬಾಣ ಎಲ್ಲಿತ್ತು? ನಿಮ್ಮೋರು ಜ್ವರದಲ್ಲಿ ಹೋಗ್ತಿದ್ರು. ಚಿತೆ ಹೊಗೆ ನಮ್ಮ ಬೀದಿಗೆ ಬರೋದು. ನನ್ನ ಗಂಡ ಮಗೂನ ಒಳಗೆ ಎತ್ಕೊಂಡು ಹೋಗೋನು."

"ನಿನ್ನ ಗಂಡ?"

ಕಲ್ಲೋ ಕೊಡ ಎತ್ತಿಕೊಂಡಳು. "ಈ ಊರಲ್ಲಿ ಯಾರೋ ಹಗ್ಗದೋನು ಚೆನ್ನಾಗಿ ಮಾತಾಡಿದ್ನಂತಲ್ಲ," ಎಂದಳು.

ಫಾನೋ ಖಾಲಿ ಕೊಡದೊಂದಿಗೆ ನೇರ ಅಂಗಡಿಗೆ ಬಂದಳು. ನಾನು ಅಲ್ಲೇ ಬಲೆ ಹೊಲಿಯುತ್ತ ಕುಳಿತಿದ್ದೆ.

"ಡೆಕ್ಸಿಯ ಹೇಗೆ ಸತ್ತ?"

"ಗೋಡೆ ಮುಂದೆ."

"ಎಲ್ಲಿ ಅಂತ ಕೇಳ್ಲಿಲ್ಲ. ಹೇಗೆ ಅಂತ ಕೇಳ್ದೆ."

ಮೆಲಾಂತ ನಾರನ್ನು ಕೆಳಗಿಟ್ಟ. "ಜ್ವರ," ಎಂದ. ನಾರನ್ನು ಮತ್ತೆ ಕೈಗೆತ್ತಿಕೊಂಡು, "ನಾನು ಸುಳ್ಳು ಹೇಳ್ಲಿಲ್ಲ ಫಾನೋ. ಒಂದು ಮಾತೂ ಸುಳ್ಳಲ್ಲ," ಎಂದ.

"ಇಲ್ಲ, ಹೇಳ್ಲಿಲ್ಲ. ನನ್ನ ಮುಂದಿಟ್ಕೊಂಡು ಹೇಳ್ದೆ. ಅವರನ್ನೆಲ್ಲ ಸಾಯಿಸಿ ಬಾ ಅಂತ ನಾನು ನಿನ್ನ ಕೇಳಿದ್ನಾ?"

ಅಂದಿನಿಂದ ಅವಳು ಅವನಿಗೆ ಬಡಿಸಿ, ತಾನು ಒಳಗೆ ಹೋಗಿ ಉಣ್ಣುತ್ತಿದ್ದಳು.

ಮುಂದಿನ ವರ್ಷ ಉತ್ತರದ ಇನ್ನೊಂದು ಊರು ತಿರುಗಿಬಿತ್ತು, ಸೋತಿತು. ಅವರ ಗತಿಯೇನೆಂದು ಮತ್ತೆ ಸಭೆ ಸೇರಿತು. ಮೆಲಾಂತ ಈ ಸಲ ಮೊದಲೇ ಎದ್ದ. ಜನ ಗುರುತು ಹಿಡಿದು ಸುಮ್ಮನಾದರು.

"ನನ್ನ ಮಗನ್ನ ಆಲಿಸ್ಸದೋರು ಕೊಲ್ಲಲಿಲ್ಲ," ಎಂದ. "ಜ್ವರದಲ್ಲಿ ಸತ್ತ. ನಂಗೆ ಅವತ್ತೇ ಗೊತ್ತಿತ್ತು. ಇವರನ್ನಾದ್ರೂ..."

"ಜ್ವರದ ಕಥೆ ವೈದ್ಯಂಗೆ ಹೇಳ್ಹೋಗು," ಎಂದು ಹಿಂದಿನಿಂದ ಯಾವನೋ ಕೂಗಿದ. "ಯಾರು ನಿನ್ನ ಕೈ ಬೆಚ್ಚಗೆ ಮಾಡಿದ್ರೋ?" ಎಂದ ಇನ್ನೊಬ್ಬ. ನಗು, ಸಿಳ್ಳೆ ಎದ್ದವು. ಕಿರೀಟ ತೆಗೆದು ಅವನನ್ನು ಇಳಿಸಿದರು.

ಅದೇ ಕಿರೀಟ ತೊಟ್ಟು ಒಬ್ಬ ಹರೆಯದ ಮಾತುಗಾರ ಬಂದ. "ದುಃಖ ಈ ತಂದೆಯ ಬುದ್ಧಿ ಕಲಕಿದೆ. ಅವನನ್ನ ನೋಡಿ ಯಾರೂ ನಗಬೇಡಿ," ಎಂದು ಶುರುಮಾಡಿ, ದನಿ ತಗ್ಗಿಸಿದ. "ಗೋಡೆ ಮುಂದೆ ಸತ್ತ ಆ ಹುಡುಗನ ತಾಯಿ ಇನ್ನೂ ಬದುಕಿದಾಳೆ. ಇವತ್ತು ಅವಳಿಗೆ ಏನು ಹೇಳೋಣ?" ಆ ಊರಿನ ಗಂಡಸರನ್ನೂ ಕೊಲ್ಲಲು ಗುಡ್ಡದ ತುಂಬ ಕೈಗಳು ಎದ್ದವು.

ಇಳಿದು ಬರುವಾಗ ಮೆಲಾಂತ, "ನನಗಿಂತ ಚೆನ್ನಾಗಿ ಹೇಳ್ದ," ಎಂದ.

ಫಾನೋ ಬಾಗಿಲಲ್ಲಿದ್ದಳು. "ಹೇಳಿದ್ಯಾ?"

"ಹೇಳ್ದೆ."

"ಕೇಳಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಬಾರ್ಲಿ ಗಂಜಿ ತಂದಿಟ್ಟು ಅವನ ಎದುರಿಗೇ ಕುಳಿತಳು. ಇಬ್ಬರೂ ಉಣ್ಣಲಿಲ್ಲ.

ಮೆಲಾಂತ ಆಮೇಲೆ ಬಹಳ ವರ್ಷ ಬದುಕಿದ. ಸಭೆಯ ಗುಡ್ಡ ಮತ್ತೆ ಹತ್ತಲಿಲ್ಲ. ಹೊರಗಿನವರು ಬಂದರೆ ಬೀದಿಯವರು, "ಅವತ್ತು ಮಾತಾಡಿದ್ದು ಇವನೇ," ಎಂದು ತೋರಿಸುತ್ತಿದ್ದರು. ಕಲ್ಲೋ ಕಂಚುಗಾರನ ಮನೆಯಲ್ಲೇ ಮುದುಕಿಯಾದಳು. ಹಗ್ಗದಂಗಡಿ ದಾಟುವಾಗ ಅವಳು ಅತ್ತ ನೋಡುತ್ತಿರಲಿಲ್ಲ, ನಡಿಗೆಯನ್ನು ಚುರುಕೂ ಮಾಡುತ್ತಿರಲಿಲ್ಲ. ಅವಳು ಬೀದಿ ತಿರುವು ದಾಟುವವರೆಗೂ ಮೆಲಾಂತ ಒಳಗೆ ಕತ್ತಲಲ್ಲಿ ನಿಂತಿರುತ್ತಿದ್ದ.